ಶಾಲೆಗೆ ಸೇರಿಸಲು ಲಸಿಕೆ ಕಾರ್ಡ್ ಬೇಕೇ ಬೇಕಾ? ಗಡಿ ತಾಲೂಕುಗಳ ಪಾಲಕರು ತಿಳಿಯಬೇಕಾದ ಸಂಗತಿ

ಚಿಕ್ಕೋಡಿ: "ಟಿಸಿ ಐತಿ, ಆಧಾರ್ ಐತಿ, ಲಸಿಕೆ ಕಾರ್ಡ್ ಎಲ್ಲಿ ಐತ್ರಿ?" ದಾಖಲಾತಿ ದಿನಗಳಲ್ಲಿ ಈ ಪ್ರಶ್ನೆ ಬಂದ ಕೂಡಲೇ ಕಾರ್ಡ್ ಕಳಕೊಂಡ ಪಾಲಕರು ಗಾಬರಿಯಾಗ್ತಾರೆ. ಕಾರ್ಡ್ ಇಲ್ಲ ಅಂತ ಮಗುವಿಗೆ ಸೀಟು ತಪ್ಪುತ್ತಾ?

ಕಾನೂನು ನೋಡಿದರೆ, ತಪ್ಪಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಕ್ಕಳ ದಾಖಲಾತಿಗೆ ಲಸಿಕೆಯ ಷರತ್ತೇ ಇಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರಿ, ಅನುದಾನಿತ ಶಾಲೆಗೆ ವರ್ಗವಾಗಿ ಬರುವ ಮಗುವಿನ ಟಿಸಿ ತಡವಾದರೂ ಸೇರಿಸಿಕೊಳ್ಳಲೇಬೇಕು. ಮಗು ಬೇರೆ ರಾಜ್ಯದಿಂದ ಬಂದರೂ ಇದೇ ನಿಯಮ. ಕಾಗಲ್‌ನಿಂದ ನಿಪ್ಪಾಣಿಗೆ, ಮಿರಜದಿಂದ ಕಾಗವಾಡಕ್ಕೆ ಬರುವ ಕುಟುಂಬಗಳು ಇದನ್ನು ನೆನಪಿಡಬೇಕು. ಎಲ್‌ಕೆಜಿ, ಯುಕೆಜಿ ಮಕ್ಕಳು ಮಾತ್ರ ಈ ವಯಸ್ಸಿನ ಲೆಕ್ಕಕ್ಕೆ ಬರುವುದಿಲ್ಲ.

ಇಟಲಿ 2017ರಲ್ಲಿ 10 ಲಸಿಕೆಗಳನ್ನು ಕಡ್ಡಾಯ ಮಾಡಿ, ಅವನ್ನು ಹಾಕಿಸದ ಚಿಕ್ಕ ಮಕ್ಕಳಿಗೆ ಶಿಶುವಿಹಾರದ ಬಾಗಿಲು ಮುಚ್ಚಿತು. ನಮ್ಮ ದಾರಿ ಬೇರೆ. ಕೋವಿಡ್ ಲಸಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು.

ಹಾಗಂತ ಕಾರ್ಡ್ ಬಿಸಾಕಬೇಡಿ. ನಮ್ಮಲ್ಲಿ ನಿಜವಾದ ಎಡವಟ್ಟು ಆಗುವುದೇ ಇಲ್ಲಿ. ಒಂದೂವರೆ-ಎರಡು ವರ್ಷದ ತನಕ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ನೆನಪಿಸ್ತಾರೆ. ಆಮೇಲೆ ಬರುವ ಡಿಪಿಟಿ ಎರಡನೇ ಬೂಸ್ಟರ್ 5ರಿಂದ 6 ವರ್ಷದೊಳಗೆ ಹಾಕಿಸಬೇಕಾದದ್ದು. ಅಂದರೆ ಹೆಚ್ಚುಕಡಿಮೆ ಒಂದನೇ ತರಗತಿಗೆ ಸೇರುವ ಹೊತ್ತು. ಬ್ಯಾಗು, ಯೂನಿಫಾರ್ಮ್, ಫೀ ಗದ್ದಲದಲ್ಲಿ ಸೂಜಿ ಮರೆತುಹೋಗುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಈ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ 7 ವರ್ಷ ದಾಟಿದ ಮೇಲೆ ಕೊಡುವುದಿಲ್ಲ. ದಡಾರ-ರುಬೆಲ್ಲಾ ಡೋಸ್ ತಪ್ಪಿದ್ದರೆ 5 ವರ್ಷದೊಳಗೇ ಹಾಕಿಸಿಕೊಳ್ಳಬೇಕು. ಮುಂದೆ 10 ಮತ್ತು 16ನೇ ವಯಸ್ಸಿಗೆ ಟಿಡಿ ಇರುತ್ತದೆ.

ಹೆಚ್ಚು ತಪ್ಪಿಹೋಗುವ ಭಯ ಇರುವುದು ಊರು ಬಿಟ್ಟು ಊರಿಗೆ ಹೋಗುವವರ ಮಕ್ಕಳಿಗೆ. ಕಾರ್ಖಾನೆ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಈ ಭಾಗಕ್ಕೆ ಬರುತ್ತವೆ. ತಾಯಿ ಕಾರ್ಡ್ ಊರಲ್ಲಿ, ಮಗು ಗುಡಿಸಲಲ್ಲಿ. ಇಂಥ ಮಗುವನ್ನು "ಕಾರ್ಡ್ ತಗೊಂಡು ಬಾ" ಅಂತ ಶಾಲೆ ವಾಪಸ್ ಕಳಿಸಿದರೆ ಪಾಠವೂ ಹೋಯಿತು, ಲಸಿಕೆಯೂ ಹೋಯಿತು. ಒಳಗೆ ಕರೆದುಕೊಂಡರೆ ಎರಡೂ ಸಿಗುವ ದಾರಿ ಇದೆ. ಯಾಕಂದರೆ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬರುವುದು ಸರ್ಕಾರಿ ಶಾಲೆ, ಅಂಗನವಾಡಿಗೆ.

ಪಾಲಕರ ಅಂಜಿಕೆಯನ್ನೂ ತಳ್ಳಿಹಾಕುವಂತಿಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಲಸಿಕೆ ಪಡೆದ ಬಳಿಕ ಮೂರು ಕಂದಮ್ಮಗಳು ತೀರಿಕೊಂಡವು. ಲಸಿಕೆ ನಿರ್ವಹಣೆಯಲ್ಲಿ ನಿರ್ಲಕ್ಷ್ಯದ ಆರೋಪದ ಮೇಲೆ ಸಿಬ್ಬಂದಿ ಅಮಾನತಾದರು. ಆ ನೋವು ಮರೆಯುವಂಥದ್ದಲ್ಲ. ಆದರೆ ಅದಕ್ಕೆ ಉತ್ತರ ಲಸಿಕೆ ಬಿಡುವುದಲ್ಲ. ಲಸಿಕೆಯನ್ನು ಸರಿಯಾದ ತಂಪಿನಲ್ಲಿ ಇಟ್ಟಿದ್ದೀರಾ, ಬಾಟಲಿ ಯಾವಾಗ ತೆರೆದಿರಿ ಅಂತ ಕೇಳುವ ಹಕ್ಕು ಪಾಲಕರಿಗೆ ಇದೆ. ಕೇಳಿದರೆ ಸಿಟ್ಟಾಗದೆ ಹೇಳುವುದು ಸಿಬ್ಬಂದಿಯ ಕೆಲಸ. ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ.

ಹಾಗಾದರೆ ಏನು ಮಾಡಬೇಕು? ಕಾರ್ಡ್ ಕಳೆದಿದ್ದರೆ ಲಸಿಕೆ ಹಾಕಿಸಿದ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಹುಡುಕಿಸಿ. ಇತ್ತೀಚಿನ ಮಕ್ಕಳ ಹೆಸರು ಯು-ವಿನ್‌ನಲ್ಲಿ ನೋಂದಣಿಯಾಗಿದ್ದರೆ ಪಾಲಕರ ಮೊಬೈಲ್ ನಂಬರಿನಿಂದಲೇ ದಾಖಲೆ ಸಿಗುತ್ತದೆ. ಬಾಕಿ ಡೋಸ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅಂಗಡಿ, ಹೋಟೆಲ್, ಇಟ್ಟಂಗಿ ಭಟ್ಟಿಗಳಲ್ಲಿ ಹೊರಗಿನ ಆಳುಗಳನ್ನು ಇಟ್ಟುಕೊಂಡವರು ಲಸಿಕೆ ದಿನ ಆ ತಾಯಂದಿರಿಗೆ ಎರಡು ತಾಸು ಬಿಡುವು ಕೊಟ್ಟರೆ ಸಾಕು.

ಶಾಲೆಯವರು ಕಾರ್ಡ್ ಕೇಳಲಿ, ತಪ್ಪಿಲ್ಲ. ಮಗುವಿನ ಹೆಸರು ಹಚ್ಚಿಕೊಂಡ ಮೇಲೆ ಕೇಳಲಿ. ಬಾಕಿ ಇರುವ ಮಕ್ಕಳ ಪಟ್ಟಿ ಮಾಡಿ ಆಶಾ ಕಾರ್ಯಕರ್ತೆಯ ಕೈಗೆ ಕೊಡಲಿ.