ಮೂರು ಕಲ್ಯಾಣ, ಒಂದು ಪ್ರಬಂಧ



ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ದಿನಗಳು ಹತ್ತಿರ ಬಂದವೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ. ಝೆರಾಕ್ಸ್ ಅಂಗಡಿಯ ಮುಂದೆ ಸಾಲು, ನಡುರಾತ್ರಿಯವರೆಗೆ ಉರಿಯುವ ದೀಪ, ಬೆಳಗಿನ ಲೋಕಲಿನಲ್ಲಿ ನಿಂತುಕೊಂಡೇ ಕೊನೆಯ ಪುಟ ತಿದ್ದುವ ಅವಸರ. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ. ನಾಲ್ಕಾರು ಪುಸ್ತಕಗಳನ್ನು ಓದಿ, ಅವುಗಳಲ್ಲಿರುವುದನ್ನು ಕೂಡಿಸಿ, ನಿಮ್ಮದೇ ಆದ ಒಂದು ಪ್ರಬಂಧ ಬರೆಯುವುದು ಹೇಗೆ? ವಿಷಯ ಒಣಗಿದ್ದೆಂದು ಪುಟ ತಿರುಗಿಸಬೇಡಿ. ನಮ್ಮಲ್ಲಿ ಅನೇಕರು ದಿನಾ ಹತ್ತಿ ಇಳಿಯುವ ಕಲ್ಯಾಣ್ ಸ್ಟೇಷನ್ನಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಪರಿಚಯದ ಹುಡುಗನೊಬ್ಬ, ಬಿ.ಎ. ಎರಡನೇ ವರ್ಷದವನು, ಕಲ್ಯಾಣದ ಇತಿಹಾಸದ ಬಗ್ಗೆ ಪ್ರಾಜೆಕ್ಟ್ ಬರೆದು ನನಗೆ ತೋರಿಸಲು ತಂದಿದ್ದ. ಸೋಮಾರಿಯಲ್ಲ, ಪಾಪ, ಐದು ಕಡೆ ಓದಿದ್ದ. ಮೊದಲ ಪ್ಯಾರಾದಲ್ಲಿ ಕಲ್ಯಾಣಕ್ಕೆ ಗ್ರೀಕರ ಹಡಗುಗಳು ಬರುತ್ತಿದ್ದವು. ಎರಡನೆಯದರಲ್ಲಿ ಅಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಇದ್ದ. ಮೂರನೆಯದರಲ್ಲಿ ಅಲ್ಲೇ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ನಾಲ್ಕನೆಯದರಲ್ಲಿ 1854ರಲ್ಲಿ ರೈಲು ಬಂತು. ಒಂದೊಂದು ವಾಕ್ಯಕ್ಕೂ ಒಂದೊಂದು ಪುಸ್ತಕದ ಆಧಾರ ಉಂಟು. ಆದರೆ ಎಲ್ಲ ಸೇರಿದಾಗ ಹುಟ್ಟಿದ ಊರು ಮಾತ್ರ ಭೂಮಿಯ ಮೇಲೆ ಎಂದೂ ಇರಲಿಲ್ಲ!

ಏಕೆಂದರೆ ಕಲ್ಯಾಣ ಎಂಬ ಹೆಸರಿನ ಊರು ಒಂದಲ್ಲ. ಉಲ್ಲಾಸ್ ನದಿಯ ದಂಡೆಯ ನಮ್ಮ ಕಲ್ಯಾಣ್ ಒಂದು. ಬೀದರ್ ಜಿಲ್ಲೆಯ ಬಸವಕಲ್ಯಾಣ ಇನ್ನೊಂದು. 11ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ರಾಜಧಾನಿ ಮಾಡಿಕೊಂಡ, 12ನೆಯ ಶತಮಾನದಲ್ಲಿ ಶರಣರು ನೆರೆದ ಊರು ಅದು. ಮೂರನೆಯದು ಉಡುಪಿಯ ಪಕ್ಕದಲ್ಲಿ ಸ್ವರ್ಣಾ ನದಿಯ ದಂಡೆಯಲ್ಲಿರುವ ಕಲ್ಯಾಣಪುರ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಿಮನೆ ಅದರ ಆಸುಪಾಸಿನಲ್ಲೇ ಇದ್ದೀತು.

ಹಲವು ಆಧಾರಗಳನ್ನು ಓದುವುದೆಂದರೆ ಒಂದನ್ನು ಮುಗಿಸಿ ಇನ್ನೊಂದನ್ನು ಓದುವುದಷ್ಟೇ ಅಲ್ಲ. ಅವನ್ನು ಎದುರುಬದುರು ಕೂರಿಸಿ ಮಾತಾಡಿಸಬೇಕು. ಹಾಗೆ ಮಾತಾಡಿಸಬೇಕಾದರೆ ನಿಮ್ಮ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ‘ಕಲ್ಯಾಣದ ಇತಿಹಾಸ’ ಎಂಬುದು ಪ್ರಶ್ನೆಯಲ್ಲ, ಬರೇ ತಲೆಬರಹ. ‘ಹಳೆಯ ಪುಸ್ತಕಗಳಲ್ಲಿ ಬರುವ ಕಲ್ಯಾಣಗಳಲ್ಲಿ ನಮ್ಮ ಕಲ್ಯಾಣ್ ಯಾವುದು?’ ಎಂಬುದು ಪ್ರಶ್ನೆ. ಅದನ್ನು ಹಿಡಿದುಕೊಂಡು ಹೊರಟರೆ ಏನಾಗುತ್ತದೆ ನೋಡಿ.

ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಹೆಸರು ತಿಳಿಯದ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಪುಸ್ತಕದಲ್ಲಿ ಕಲ್ಲಿಯೆನ ಎಂಬ ಬಂದರು ಬರುತ್ತದೆ. ಹಿಂದೆ ಅಲ್ಲಿ ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು, ಆಮೇಲೆ ಅದಕ್ಕೆ ಅಡ್ಡಿ ಬಂತು, ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚಿಗೆ ಒಯ್ಯುತ್ತಿದ್ದರು ಎನ್ನುತ್ತಾನೆ ಆತ. ಇದು ಯಾವ ಕಲ್ಯಾಣ? ಹಡಗು ಬರುವ ಊರೆಂದ ಮೇಲೆ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬಸವಕಲ್ಯಾಣವಾಗಲಾರದು. ಆತ ಬಂದರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಹೇಳುತ್ತಾ ಹೋಗುತ್ತಾನೆ: ಭರೂಚಿನ ನಂತರ ಸುಪ್ಪಾರ, ಕಲ್ಲಿಯೆನ, ಆಮೇಲೆ ಸೆಮಿಲ್ಲ. ಸುಪ್ಪಾರವೆಂದರೆ ನಮ್ಮ ನಾಲಾಸೋಪಾರದ ಸೋಪಾರ, ಸೆಮಿಲ್ಲವೆಂದರೆ ಅಲಿಬಾಗಿನಾಚೆಯ ಚೌಲ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇವೆರಡರ ನಡುವೆ ಬರುವುದು ನಮ್ಮ ಕಲ್ಯಾಣ್. ಜೊತೆಗೆ ಬೊರಿವಲಿಯ ಕಾಡಿನ ಕಾನ್ಹೇರಿ ಗುಹೆಗಳ ಹಳೆಯ ಶಾಸನಗಳಲ್ಲಿ ದಾನ ಕೊಟ್ಟ ಕಲ್ಯಾಣದ ವ್ಯಾಪಾರಿಗಳ ಹೆಸರುಗಳಿವೆ. ದೂರದ ನಾವಿಕನೊಬ್ಬ ಕಡಲಿನ ಕಡೆಯಿಂದ ಹೇಳಿದ ಮಾತಿಗೆ ಇಲ್ಲಿನ ಕಲ್ಲು ನೆಲದ ಕಡೆಯಿಂದ ಸಾಕ್ಷಿ ನುಡಿದ ಹಾಗಾಯಿತು. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ಒಂದೇ ಮಾತು ಹೇಳಿದರೆ ಆ ಮಾತಿಗೆ ತೂಕ ಹೆಚ್ಚು.

ಇನ್ನು ಬಿಷಪ್ಪನ ಕಥೆ. ಅದು 6ನೆಯ ಶತಮಾನದ ಕಾಸ್ಮಾಸ್ ಎಂಬವನ ಪುಸ್ತಕದ್ದು. ಕಲ್ಲಿಯಾನ ಎಂಬಲ್ಲಿ ಪರ್ಷಿಯಾದಿಂದ ನೇಮಿಸಲ್ಪಡುವ ಬಿಷಪ್ ಇದ್ದಾನೆ ಎನ್ನುತ್ತಾನೆ. ಇಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಕೆಲವರು ಇದು ಉಡುಪಿಯ ಕಲ್ಯಾಣಪುರ ಎಂದರು, ಹಲವರು ನಮ್ಮ ಕಲ್ಯಾಣ್ ಎಂದರು. ಹೀಗಾದಾಗ ಏನು ಮಾಡಬೇಕು? ನಮಗೆ ಇಷ್ಟವಾದದ್ದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡುವುದಲ್ಲ. ಎರಡು ಪಕ್ಷಗಳನ್ನೂ ಹೇಳಿ, ಮೂಲಕ್ಕೆ ಹೋಗಿ ನೋಡಬೇಕು. ಕಾಸ್ಮಾಸ್ ಇನ್ನೊಂದು ಕಡೆ ವ್ಯಾಪಾರದ ಊರುಗಳನ್ನು ಪಟ್ಟಿ ಮಾಡುವಾಗ ಕಲ್ಲಿಯಾನ, ಆಮೇಲೆ ಸಿಬೋರ್, ಅದರ ನಂತರ ಕಾಳುಮೆಣಸಿನ ಮಲಬಾರಿನ ಬಂದರುಗಳು ಎನ್ನುತ್ತಾನೆ. ಮಲಬಾರಿನ ಆ ಬಂದರುಗಳಲ್ಲಿ ಮಂಗರೂತ್ ಎಂಬ ಹೆಸರಿದೆ. ಅದು ಮಂಗಳೂರೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಸಿಬೋರ್ ಎಂದರೆ ಮತ್ತೆ ಚೌಲ್. ಚೌಲಿಗಿಂತ ಮೊದಲು ಬರುವ ಕಲ್ಲಿಯಾನ ಉಡುಪಿಯ ಬದಿಯದ್ದಾಗುವುದು ಕಷ್ಟ. ಈಗ ನೀವು ಧೈರ್ಯವಾಗಿ ಬರೆಯಬಹುದು: ‘ಎರಡು ಅಭಿಪ್ರಾಯಗಳಿವೆ, ಈ ಕಾರಣದಿಂದ ನನಗೆ ಎರಡನೆಯದು ಸರಿಯೆನಿಸುತ್ತದೆ.’ ಆ ‘ಈ ಕಾರಣದಿಂದ’ ಎಂಬ ಎರಡು ಪದಗಳಿಗೇ ಪ್ರೊಫೆಸರರು ಮಾರ್ಕು ಕೊಡುವುದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ನೀವು ನೋಡಿರಬಹುದು. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಅಣ್ಣನ ಹಳೆಯ ಅಂಗಿ, ಎಲ್ಲ ತುಂಡುಗಳೂ ಬೇರೆಯವರವೇ. ಆದರೆ ಈ ಅಂಚಿನಿಂದ ಆ ಅಂಚಿನವರೆಗೆ ಹಾಯ್ದು ಬರುವ ದಾರ ಹೊಲಿಯುವವಳದು. ತುಂಡುಗಳನ್ನು ಒಂದರ ಪಕ್ಕ ಒಂದು ಹಾಸಿಟ್ಟರೆ ಕೌದಿಯಾಗುವುದಿಲ್ಲ. ಕೈ ಹಾಕಿದರೆ ಚೆದುರಿಹೋಗುತ್ತದೆ. ಒಂದು ಪ್ಯಾರಾಕ್ಕೆ ಒಂದು ಪುಸ್ತಕದಂತೆ ಬರೆದ ಪ್ರಬಂಧದ ಪಾಡೂ ಅದೇ. ನಿಮ್ಮ ಪ್ರಶ್ನೆಯೇ ದಾರ. ಪ್ಯಾರಾಗಳನ್ನು ಪುಸ್ತಕಕ್ಕೊಂದರಂತಲ್ಲ, ಪ್ರಶ್ನೆಯ ಒಂದೊಂದು ಭಾಗಕ್ಕೊಂದರಂತೆ ಮಾಡಿಕೊಳ್ಳಿ. ಒಂದು ದೊಡ್ಡ ಕಾಗದದಲ್ಲಿ ಗೆರೆ ಎಳೆದು ಎಡಗಡೆ ಪುಸ್ತಕಗಳ ಹೆಸರು, ಮೇಲುಗಡೆ ‘ಊರು ಎಲ್ಲಿ?’, ‘ಯಾವ ಕಾಲ?’, ‘ಹೇಳಿದವನಿಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗಳನ್ನು ಬರೆದು ಮನೆಗಳನ್ನು ತುಂಬಿಸಿ. ಖಾಲಿ ಉಳಿದ ಮನೆ ಮುಂದೇನು ಓದಬೇಕೆಂದು ಹೇಳುತ್ತದೆ. ಒಂದಕ್ಕೊಂದು ಒಪ್ಪದ ಮನೆಗಳು ಏನು ಬರೆಯಬೇಕೆಂದು ಹೇಳುತ್ತವೆ.

ಇನ್ನೊಂದು ಎಚ್ಚರ. 1882ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ ಠಾಣಾ ಜಿಲ್ಲೆಯ ಗೆಜೆಟಿಯರ್ ಹೊರಬಂತು. ಆಮೇಲೆ ಬಂದ ಎಷ್ಟೋ ಪುಸ್ತಕ, ಪತ್ರಿಕೆಯ ಲೇಖನ, ಸ್ಮರಣ ಸಂಚಿಕೆಗಳು ಅದರಿಂದಲೇ ಎತ್ತಿಕೊಂಡಿವೆ. ಮೂರು ಕಡೆ ಒಂದೇ ವಿಷಯ ಓದಿ ‘ಮೂರು ಆಧಾರ ಸಿಕ್ಕಿತು’ ಎಂದು ಹಿಗ್ಗಬೇಡಿ. ಸಾಕ್ಷಿ ಮೂರಾದರೂ ಬಾಯಿ ಒಂದೇ ಆಗಿರಬಹುದು. ಪುಸ್ತಕದ ಕಾಲವನ್ನೂ ಗಮನಿಸಿ. ಹಳೆಯ ಗೆಜೆಟಿಯರಿನಲ್ಲಿ ಸೋಪಾರ ಠಾಣಾ ಜಿಲ್ಲೆಯಲ್ಲಿದೆ; 2014ರಲ್ಲಿ ಪಾಲ್ಘರ್ ಜಿಲ್ಲೆಯಾದ ಮೇಲೆ ಅದು ಅತ್ತ ಹೋಯಿತು. ನವಿ ಮುಂಬಯಿ ಎಂಬ ಹೆಸರನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ, ಬೇಲಾಪುರವೆಂದು ಹುಡುಕಬೇಕು. ಇನ್ನು ಕೈಯಲ್ಲಿರುವ ಮೊಬೈಲು ಕೇಳಿದ ಕ್ಷಣಕ್ಕೆ ಉತ್ತರ ಕೊಡುತ್ತದೆ ನಿಜ. ಆದರೆ ಆ ಉತ್ತರ ಮೂರು ಕಲ್ಯಾಣಗಳಲ್ಲಿ ಯಾವುದರದ್ದೆಂದು ಕೇಳುವ ಕೆಲಸ ನಿಮ್ಮದೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು.

ಈಗ ಮನಸ್ಸಿಗೆ ಹತ್ತಿರದ ಒಂದು ಮಾತು. ಮರಾಠಿ ಗೆಳೆಯರ ನಡುವೆ ಬೆಳೆದ ನಿಮಗೆ ‘ನೀವು ಇಲ್ಲಿಯವರಲ್ಲವಲ್ಲ’ ಎಂಬ ಮಾತು ಎಂದಾದರೂ ಕಿವಿಗೆ ಬಿದ್ದಿರುತ್ತದೆ. ಆಗ ‘ಬಸವಣ್ಣನ ಕಲ್ಯಾಣ ಇದೇ’ ಎಂದು ಬರೆದು ತೋರಿಸುವ ಆಸೆ ಹುಟ್ಟುವುದು ಸಹಜ. ಆ ಹುಡುಗನ ಮನಸ್ಸಿನಲ್ಲಿದ್ದದ್ದೂ ಅದೇ. ಆದರೆ ಸುಳ್ಳಿನ ಮೇಲೆ ಕಟ್ಟಿದ ಅಭಿಮಾನ ತಿಳಿದವನೊಬ್ಬ ಎದುರು ಬಂದ ಕೂಡಲೇ ಕುಸಿಯುತ್ತದೆ. ನಿಜದಲ್ಲೇ ನಮಗೆ ಬೇಕಾದಷ್ಟಿರುವಾಗ ಸುಳ್ಳೇಕೆ?

ಅದೇ ಕಾನ್ಹೇರಿಗೆ ಮತ್ತೆ ಬನ್ನಿ. ಅಲ್ಲಿ 9ನೆಯ ಶತಮಾನದ ಸಂಸ್ಕೃತ ಶಾಸನಗಳಿವೆ. ಒಂದರ ಕಾಲ ಶಕ 799. 78 ಕೂಡಿಸಿದರೆ ಕ್ರಿ.ಶ. 877. ಆಗ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರರ ಕಪರ್ದಿ. ಅವನ ಮೇಲಿನ ಸಾರ್ವಭೌಮ ರಾಷ್ಟ್ರಕೂಟ ಅಮೋಘವರ್ಷ. ವಿ. ವಿ. ಮಿರಾಶಿಯವರು ಸಂಪಾದಿಸಿದ ಶಿಲಾಹಾರ ಶಾಸನಗಳ ಸಂಪುಟ 1977ರಲ್ಲಿ ಬಂದಿದೆ, ಅದರಲ್ಲಿ ನೋಡಬಹುದು. ಆಮೇಲೆ ಕನ್ನಡ ಸಾಹಿತ್ಯ ಚರಿತ್ರೆಯ ಯಾವುದೇ ಪುಸ್ತಕದ ಮೊದಲ ಪುಟಗಳನ್ನು ತೆರೆಯಿರಿ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಬರೆದವನು ಶ್ರೀವಿಜಯನೆಂದು ಹೆಚ್ಚಿನವರು ಹೇಳುತ್ತಾರೆ, ನೃಪತುಂಗನೇ ಎಂದವರೂ ಇದ್ದಾರೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳುವುದು ಆ ಗ್ರಂಥವೇ. ಕಾನ್ಹೇರಿಯ ಕಲ್ಲಿಗೆ ಕವಿರಾಜಮಾರ್ಗದ ಮಾತಿಲ್ಲ, ಕವಿರಾಜಮಾರ್ಗಕ್ಕೆ ಕಾನ್ಹೇರಿಯ ಸುದ್ದಿಯಿಲ್ಲ. ಎರಡನ್ನೂ ಓದಿದ ನೀವು ಮಾತ್ರ ಹೇಳಬಲ್ಲಿರಿ: ಕನ್ನಡದ ಮೊದಲ ಗ್ರಂಥಕ್ಕೆ ಆಶ್ರಯ ಕೊಟ್ಟ ದೊರೆಯ ಹೆಸರು ನಮ್ಮ ಠಾಣೆಯ ಬೆನ್ನಿಗಿರುವ ಬೆಟ್ಟದಲ್ಲಿ ಕೊರೆಯಲ್ಪಟ್ಟಿದೆ. ಎರಡು ಆಧಾರಗಳನ್ನು ಕೂಡಿಸಿದಾಗ ಸಿಗುವ ಲಾಭ ಇದೇ.

ಆದರೆ ಅಲ್ಲಿಗೇ ನಿಲ್ಲಿಸಬೇಕು. ‘ಆದ್ದರಿಂದ ಅಂದು ಠಾಣೆಯ ಜನರೆಲ್ಲ ಕನ್ನಡ ಮಾತಾಡುತ್ತಿದ್ದರು’ ಎಂದು ಬರೆದರೆ ಅದು ಎರಡೂ ಆಧಾರಗಳು ಹೇಳದ ಮಾತು. ದೊರೆಯ ಆಳ್ವಿಕೆ ಎಲ್ಲಿಯವರೆಗಿತ್ತೋ ಜನರ ಮಾತೂ ಅಲ್ಲಿಯವರೆಗಿತ್ತು ಎನ್ನಲಾಗದು. ಆಧಾರ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗುವವನನ್ನು ಮರಾಠಿಯವರೂ ನಂಬುತ್ತಾರೆ, ಕನ್ನಡದವರೂ ನಂಬುತ್ತಾರೆ.

ಬರೆಯುವಾಗ ಇನ್ನೊಂದು ಶಿಸ್ತು. ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ಅಮ್ಮನಿಗೋ ತಂಗಿಗೋ ಬಾಯಲ್ಲಿ ಹೇಳಿ, ಆಮೇಲೆ ಬರೆಯಿರಿ. ತೆರೆದಿಟ್ಟುಕೊಂಡು ಬರೆದರೆ ನಾಲ್ಕು ಪದ ಬದಲಾಯಿಸಿದರೂ ವಾಕ್ಯ ಅವರದ್ದೇ ಆಗಿ ಉಳಿಯುತ್ತದೆ. ಸ್ವಂತ ಮಾತಿನಲ್ಲಿ ಬರೆದರೂ ವಿಚಾರ ಯಾರದ್ದೆಂದು ಹೇಳಲೇಬೇಕು. ಹೇಳುವುದರಿಂದ ನಿಮ್ಮ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಸ್ತಕದ ಹೆಸರು, ವರ್ಷ, ಪುಟ ಬರೆದಿಡಿ. ಕೊನೆಯ ರಾತ್ರಿ ಅದನ್ನು ಹುಡುಕುವ ಪಾಡು ಯಾರಿಗೂ ಬೇಡ.

ಮಕ್ಕಳೇ, ನಿಮ್ಮ ಕೈಯಲ್ಲಿರುವ ಸಂಪತ್ತು ನಿಮಗೇ ಗೊತ್ತಿಲ್ಲ. ಶಾಲೆಯಲ್ಲಿ ಕಲಿತ ಇಂಗ್ಲಿಷ್, ಓಣಿಯಲ್ಲಿ ಕಲಿತ ಮರಾಠಿ, ಮನೆಯಲ್ಲಿ ಕೇಳಿದ ಕನ್ನಡ. ಬೆಂಗಳೂರಿನ ವಿದ್ಯಾರ್ಥಿಗೆ ಮರಾಠಿ ಪುಸ್ತಕ ಕಷ್ಟ, ಪುಣೆಯ ವಿದ್ಯಾರ್ಥಿಗೆ ಕನ್ನಡ ಕಷ್ಟ. ಎರಡೂ ಕಡೆಯ ಮಾತನ್ನು ಒಂದೇ ಮೇಜಿನ ಮೇಲಿಟ್ಟು ಓದಬಲ್ಲವರು ನೀವು. ಕಲ್ಯಾಣದಲ್ಲಿ 1864ರಿಂದ ಸಾರ್ವಜನಿಕ ವಾಚನಾಲಯವಿದೆ, ಠಾಣೆಯಲ್ಲಿ 1893ರಲ್ಲಿ ಹುಟ್ಟಿದ ಮರಾಠಿ ಗ್ರಂಥ ಸಂಗ್ರಹಾಲಯವಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕನ್ನಡ ಅಕ್ಷರ ತಡವರಿಸಿದರೆ ನಾಚಿಕೆ ಬೇಡ. ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ನೀವು ಟಿಪ್ಪಣಿ ಮಾಡಿಕೊಳ್ಳಿ. ಅಜ್ಜನಿಗೂ ಸಂತೋಷ, ನಿಮಗೂ ಇನ್ನೊಂದು ಆಧಾರ.

ಮುಂದಿನ ಪ್ರಾಜೆಕ್ಟಿಗೆ ಕನ್ನಡದ ಒಂದು, ಮರಾಠಿಯ ಒಂದು, ಇಂಗ್ಲಿಷಿನ ಒಂದು ಪುಸ್ತಕವನ್ನಾದರೂ ಕೂಡಿಸಿ ಬರೆಯಿರಿ. ಮೂರೂ ಒಪ್ಪುವ ಮಾತು ಯಾವುದು, ಒಪ್ಪದ ಮಾತು ಯಾವುದು ಎಂದು ಗುರುತು ಹಾಕಿಕೊಳ್ಳಿ. ಪ್ರಬಂಧ ಶುರುವಾಗುವುದು ಆ ಗುರುತಿನಿಂದಲೇ.