ಐವತ್ತು ನಿಮಿಷದ ಊರು

"ಬಸ್ ಟೂರಾ? ಬಾವುಟ ಹಿಡಿದವರ ಹಿಂದೆ ಸಾಲಾಗಿ ನಡೆಯೋದಾ?" ಅಂತ ನಮ್ಮ ಟೀಮಿನ ಗೆಳೆಯ ನಕ್ಕುಬಿಟ್ಟ. ಅವನ ಪ್ರಕಾರ ಜಪಾನನ್ನು ನೋಡಬೇಕಾದ್ದು ರೈಲಿನಲ್ಲಿ, ಒಬ್ಬರೇ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು. ನಾನೂ ಒಸಾಕಾಗೆ ಆನ್‌ಸೈಟ್ ಬಂದ ಹೊಸದರಲ್ಲಿ ಇದೇ ಮಾತು ಹೇಳುತ್ತಿದ್ದೆ. ಆದರೆ ಕಳೆದ ನವೆಂಬರಿನಲ್ಲಿ ಅಮ್ಮ ಬಂದಿದ್ದಳು. ಅವಳ ಮಂಡಿ ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ಬೇಡ ಅನ್ನುತ್ತದೆ. ಕ್ಯೋಟೋದಿಂದ ಎರಡು ಗಂಟೆ ರೈಲು, ಇಳಿದು ಮತ್ತೆ ಒಂದು ಗಂಟೆ ಊರ ಬಸ್ಸು... ಅವಳನ್ನು ಹಾಗೆ ಎಳೆದಾಡಿಸೋಕೆ ಮನಸ್ಸಾಗಲಿಲ್ಲ. ಟೂರ್ ಬುಕ್ ಮಾಡಿದೆ. ಹಾಗಾಗಿ ಮೊದಲೇ ಹೇಳಿಬಿಡ್ತೀನಿ, ನನ್ನ ತಕರಾರು ಬಸ್ಸಿನ ಮೇಲಲ್ಲ.

ಹೋಗಿದ್ದು ಕ್ಯೋಟೋ ಪ್ರಾಂತ್ಯದ ಉತ್ತರದ ತುದಿಗೆ. ಕ್ಯೋಟೋ ಅಂದರೆ ಬಂಗಾರದ ದೇವಸ್ಥಾನ, ಕೆಂಪು ಕಮಾನುಗಳು ಅಂತಷ್ಟೇ ನಾವು ಅಂದುಕೊಳ್ಳೋದು. ಅದಕ್ಕೊಂದು ಸಮುದ್ರತೀರ ಇದೆ ಅಂತ ನನಗೂ ಗೊತ್ತಿರಲಿಲ್ಲ. ಆ ಕಡೆ ಊಟದ ಡಬ್ಬಿ ಮರೆತರೂ ಛತ್ರಿ ಮರೆಯಬೇಡ ಅನ್ನೋ ಗಾದೆ ಇದೆಯಂತೆ, ಗೈಡಮ್ಮ ಹೇಳಿದರು. ಕುಂದಾಪುರದ ನನ್ನ ಅಮ್ಮ ಬ್ಯಾಗಿನಿಂದ ಛತ್ರಿ ತೆಗೆದು ತೋರಿಸಿದಳು!

ಮೊದಲು ಚಿಯೋಂಜಿ ದೇವಾಲಯ. ಇಲ್ಲಿ ಇರೋದು ಬುದ್ಧಿಯ ದೇವರು ಮೊಂಜು. ಪರೀಕ್ಷೆ ಬರೆಯೋ ಮಕ್ಕಳು ಇಲ್ಲಿಗೆ ಬರುತ್ತಾರೆ. ಭವಿಷ್ಯ ಬರೆದ ಪುಟ್ಟ ಬೀಸಣಿಗೆಗಳನ್ನು ಅಂಗಳದ ಪೈನ್ ಮರಗಳಿಗೆ ಕಟ್ಟುತ್ತಾರೆ, ದೂರದಿಂದ ಮರ ಹೂ ಬಿಟ್ಟ ಹಾಗೆ ಕಾಣುತ್ತೆ. ಮೂವರು ಕೂತು ಯೋಚಿಸಿದರೆ ಮೊಂಜುವಿನ ಬುದ್ಧಿ ಬರುತ್ತೆ ಅಂತ ಜಪಾನಿನಲ್ಲಿ ಗಾದೆ. (ನಮ್ಮ ದಿನದ ಮೀಟಿಂಗಿಗೆ ಒಂಬತ್ತು ಜನ ಸೇರ್ತೀವಿ, ಇನ್ನೂ ಬಂದಿಲ್ಲ.) ಮೊಂಜು ಅಂದರೆ ನಮ್ಮ ಬೌದ್ಧರ ಮಂಜುಶ್ರೀ ಅಂತ ಅಮ್ಮನಿಗೆ ಹೇಳಿದೆ. "ಮಂಜುನಾಥನಾ?" ಅಂದಳು. ನಗಬೇಡಿ, ಅವಳು ಕೇಳಿದ್ದು ತಮಾಷೆಯ ಪ್ರಶ್ನೆ ಅಲ್ಲ. ಮಂಗಳೂರಿನ ಕದ್ರಿಯ ಮಂಜುನಾಥನ ಹೆಸರಿಗೂ ಮಂಜುಶ್ರೀಗೂ ಸಂಬಂಧ ಇರಬಹುದು ಅಂತ ವಾದಿಸಿದ ವಿದ್ವಾಂಸರಿದ್ದಾರೆ. ಅದೇ ಕದ್ರಿ ದೇವಸ್ಥಾನದಲ್ಲಿ ಆಳುಪ ರಾಜ ಕುಂದವರ್ಮ ಕ್ರಿ.ಶ. 968ರಲ್ಲಿ ಮಾಡಿಸಿಟ್ಟ ಕಂಚಿನ ಲೋಕೇಶ್ವರ ಇದ್ದಾನೆ. ಲೋಕೇಶ್ವರ ಅಂದರೆ ಅವಲೋಕಿತೇಶ್ವರ, ಜಪಾನಿನವರು ಕನ್ನೊನ್ ಅಂತ ಕರೆಯೋ ದೇವರು. ಇಷ್ಟನ್ನು ಅವಳಿಗೆ ಹೇಳಿ ಮುಗಿಸೋ ಹೊತ್ತಿಗೆ ನಲವತ್ತು ನಿಮಿಷ ಮುಗಿದು ಬಾವುಟ ಮೇಲೆದ್ದಿತ್ತು.

ಮುಂದೆ ಬಸ್ಸು ಕೊಲ್ಲಿ ಸುತ್ತಿ ಆಚೆ ದಡಕ್ಕೆ. ಕೇಬಲ್ ಕಾರಿನಲ್ಲಿ ಕಸಮಾತ್ಸು ಪಾರ್ಕಿಗೆ ಹತ್ತಿದರೆ ಕೆಳಗೆ ಅಮಾನೊಹಾಶಿದಾತೆ. ಸಮುದ್ರವನ್ನು ಎರಡು ಭಾಗ ಮಾಡಿ ಮಲಗಿರೋ 3.6 ಕಿಲೋಮೀಟರ್ ಮರಳದಿಬ್ಬ, ಅದರ ಮೇಲೆ ಸಾವಿರಾರು ಪೈನ್ ಮರ. ಜಪಾನಿನ ಮೂರು ಮಹಾದೃಶ್ಯಗಳಲ್ಲಿ ಇದೂ ಒಂದು. ಹೆಸರಿನ ಅರ್ಥ ಸ್ವರ್ಗದ ಸೇತುವೆ. ಬೆನ್ನು ಹಾಕಿ ನಿಂತು, ಬಗ್ಗಿ, ಕಾಲಿನ ಸಂದಿಯಿಂದ ನೋಡಿದರೆ ಕಡಲು ಆಕಾಶವಾಗಿ ಮರಳು ಮೇಲಕ್ಕೆ ತೇಲಿದ ಹಾಗೆ ಕಾಣುತ್ತೆ. ಹೀಗೆ ಬಗ್ಗಿ ನೋಡಿದಾಗ ದೂರದ ವಸ್ತುಗಳು ಬೇರೆ ಥರ ಕಾಣುತ್ತವಾ ಅಂತ ಸಂಶೋಧನೆ ಮಾಡಿದ ಅತ್ಸುಕಿ ಹಿಗಾಶಿಯಾಮಾ ಮತ್ತು ಕೊಹೆಯ್ ಅದಾಚಿಗೆ 2016ರಲ್ಲಿ ಇಗ್ ನೊಬೆಲ್ ಬಂತು. ನಾನೂ ಬಗ್ಗಿದೆ. ಜೇಬಿನಿಂದ ಫೋನು ಬಿತ್ತು.

ಅಮ್ಮ ಮಾತ್ರ ಮೇಲಕ್ಕೆ ಹೋಗೋ ರಸ್ತೆ ನೋಡುತ್ತಿದ್ದಳು. ಅಲ್ಲಿಂದ ಪುಟ್ಟ ಬಸ್ಸೊಂದು ಹೊರಡುತ್ತೆ, ಕೆಲವೇ ನಿಮಿಷದಲ್ಲಿ ನಾರಿಯೈಜಿ ದೇವಾಲಯ. ಪಶ್ಚಿಮ ಜಪಾನಿನ ಮೂವತ್ತಮೂರು ಕನ್ನೊನ್ ಕ್ಷೇತ್ರಗಳ ಯಾತ್ರೆಯಲ್ಲಿ ಅದು 28ನೆಯದು. ಅಂದರೆ ಆಗ ತಾನೇ ನಾನು ಹೇಳಿದ ಕದ್ರಿಯ ಲೋಕೇಶ್ವರನೇ ಅಲ್ಲಿರೋದು! "ಹೋಗಿ ಕೈ ಮುಗಿದು ಬಪ್ಪ" ಅಂದಳು. ಗೈಡಮ್ಮನನ್ನು ಕೇಳಿದೆ. ಪಾಪ, ಅವರು ವಾಚು ನೋಡಿಕೊಂಡು ಮೂರು ಸಲ ಬಗ್ಗಿ ಕ್ಷಮೆ ಕೇಳಿದರು. ಪಟ್ಟಿಯಲ್ಲಿ ಇಲ್ಲ. ಟೂರಿನ ಹೆಸರಿನಲ್ಲೇ 'ದೇವಾಲಯಗಳು' ಅಂತ ಇದೆ ಸ್ವಾಮಿ, ಬಹುವಚನ! ನೋಡಿದ್ದು ಒಂದು.

ಆಮೇಲೆ ಇನೆ. ಈ ಊರಿಗೋಸ್ಕರವೇ ನಾನು ದುಡ್ಡು ಕೊಟ್ಟಿದ್ದು.

ಸುಮಾರು ಐದು ಕಿಲೋಮೀಟರ್ ದಡದುದ್ದಕ್ಕೂ ನೀರಿಗೇ ಕಾಲಿಟ್ಟು ನಿಂತ ಇನ್ನೂರ ಮೂವತ್ತರಷ್ಟು ಮರದ ಮನೆಗಳು. ಫುನಯಾ ಅಂತಾರೆ. ಕೆಳಗೆ ದೋಣಿ, ಮೇಲೆ ಬಲೆ ಮತ್ತು ಸಾಮಾನು. "ಮನಿ ಒಳ್ಗೇ ದೋಣಿಯಾ ಮಾರಾಯಾ!" ಅಂದ ಅಮ್ಮ, ಮರುಕ್ಷಣ ಕೇಳಿದ್ದು: "ಮಳ್ಗಾಲ್ದಗೆ ಇವ್ರೆಲ್ಲ ಎಂತ ಮಾಡ್ತ್ರ್?" ಬಸ್ಸಿನಲ್ಲಿದ್ದ ನಲವತ್ತು ಜನರಲ್ಲಿ ಇಂಥ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಗಂಗೊಳ್ಳಿಯ ಕಡಲು ನೋಡಿ ಬೆಳೆದವಳು. ನಮ್ಮಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನೀರು ಒಂದೂವರೆ ಮೀಟರಿನ ಆಸುಪಾಸು ಏರಿ ಇಳಿಯುತ್ತೆ. ಇಲ್ಲಿ ಅರ್ಧ ಮೀಟರ್ ಕೂಡ ಕಷ್ಟ, ಜಪಾನ್ ಸಮುದ್ರದ ಉಬ್ಬರವೇ ಅಷ್ಟು. ಜೊತೆಗೆ ಕೊಲ್ಲಿಯ ಬಾಯಿ ದಕ್ಷಿಣಕ್ಕಿದೆ, ಅಲ್ಲಿ ಅಓಶಿಮಾ ಅನ್ನೋ ದ್ವೀಪ ಅಡ್ಡ ಕೂತು ಅಲೆಯನ್ನು ತಡೆಯುತ್ತೆ. ಇಷ್ಟೆಲ್ಲ ಕೂಡಿ ಬಂದಿದ್ದಕ್ಕೇ ಮನೆಯೊಳಗೆ ದೋಣಿ. 1930ರ ದಶಕದಲ್ಲಿ ರಸ್ತೆ ಅಗಲ ಮಾಡಿದಾಗ ಫುನಯಾಗಳನ್ನು ಸಮುದ್ರದ ಕಡೆಗೆ ಸರಿಸಿ ಕಟ್ಟಿದರು. ಬೆಟ್ಟದ ಕಡೆ ವಾಸದ ಮನೆ, ಕಡಲ ಕಡೆ ಫುನಯಾ, ನಡುವೆ ರಸ್ತೆ. 2005ರಲ್ಲಿ ಸರ್ಕಾರ ಇದನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿತು.

ಈಗ ಲೆಕ್ಕ ಹಾಕಿ. ಇನೆ ಪಟ್ಟಣದ ಎಲ್ಲಾ ಹಳ್ಳಿಗಳನ್ನು ಸೇರಿಸಿದರೂ ಜನಸಂಖ್ಯೆ ಎರಡು ಸಾವಿರ ದಾಟೋದಿಲ್ಲ. ನಮಗೆ ಕೊಟ್ಟಿದ್ದು ಐವತ್ತು ನಿಮಿಷ. ಕೊಲ್ಲಿ ಸುತ್ತೋ ದೋಣಿಗೇ ಇಪ್ಪತ್ತೈದು ಹೋಯ್ತು, ಉಳಿದಿದ್ದು ಇಪ್ಪತ್ತೈದು.

ಆ ಇಪ್ಪತ್ತೈದರಲ್ಲಿ ಅಮ್ಮ ಒಬ್ಬ ಅಜ್ಜಿಯನ್ನು ಹಿಡಿದಳು. ಅಜ್ಜಿ ಫುನಯಾದ ಬಾಗಿಲಲ್ಲಿ ಬಲೆಯ ಬುಟ್ಟಿಗೆ ಸೀಳಿದ ಮೀನು ಹರವುತ್ತಿದ್ದರು. ಅಮ್ಮ ಮೀನು ತೋರಿಸಿ, ಬೆರಳಿನಲ್ಲಿ ಉಪ್ಪು ಉದುರಿಸೋ ಹಾಗೆ ಮಾಡಿದಳು. ಅಜ್ಜಿ ನಕ್ಕು, ಉಹುಂ ಅಂತ ಕೈಯಾಡಿಸಿ ನೀರಿನ ಬಕೆಟ್ ತೋರಿಸಿದರು. ಉಪ್ಪುನೀರಿನಲ್ಲಿ ಅದ್ದೋದು ಅಂತ ಅರ್ಥ. ಅಮ್ಮ ಎಷ್ಟು ಹೊತ್ತು ಅಂತ ನನ್ನ ವಾಚು ಮುಟ್ಟಿ ಕೇಳಿದಳು. ನಾನು ಬಾಯಿ ಬಿಡಲಿಲ್ಲ, ಅನುವಾದದ ಆ್ಯಪೂ ತೆಗೆಯಲಿಲ್ಲ. ಬೇಕೇ ಆಗಲಿಲ್ಲ.

ಅಷ್ಟರಲ್ಲಿ ನಮ್ಮದೇ ಬಸ್ಸಿನ ಇಬ್ಬರು, ಕೊರಳಲ್ಲಿ ನಮ್ಮದೇ ಬಣ್ಣದ ಪಟ್ಟಿ, ಪಕ್ಕದಿಂದ ಸರಪಳಿ ದಾಟಿ ಸೀದಾ ಒಳಗೆ ಹೋಗಿ ದೋಣಿಯ ಹತ್ತಿರ ನಿಂತು ಫೋಟೋ ಶುರು ಮಾಡಿದರು. ವಾಸದ ಮನೆ, ಒಳಗೆ ಬರಬೇಡಿ ಅಂತ ಬೋರ್ಡು ಅಲ್ಲೇ ಇತ್ತು, ಇಂಗ್ಲಿಷಿನಲ್ಲೂ. ಅಜ್ಜಿ ಬಯ್ಯಲಿಲ್ಲ. ಅವರು ಹೊರಗೆ ಬರೋವರೆಗೂ ತಲೆ ಬಗ್ಗಿಸಿ ನಿಂತಿದ್ದು, ಬುಟ್ಟಿ ಎತ್ತಿಕೊಂಡು, ನಮಗೂ ಒಮ್ಮೆ ಬಗ್ಗಿ, ಬಾಗಿಲು ಎಳೆದುಕೊಂಡರು. ಅಮ್ಮನ ಬೆರಳು ಇನ್ನೂ ನನ್ನ ವಾಚಿನ ಮೇಲಿತ್ತು.

ಆ ಇಬ್ಬರನ್ನು ಬಯ್ಯೋದು ಸುಲಭ. ಬಸ್ಸಿನಲ್ಲಿ ಮನಸ್ಸಿನಲ್ಲೇ ಚೆನ್ನಾಗಿ ಬಯ್ದೆ ಕೂಡ. ಆದರೆ ಇಪ್ಪತ್ತೈದು ನಿಮಿಷ ಕೊಟ್ಟು ಊರಿಗೆ ಬಿಟ್ಟರೆ ಮನುಷ್ಯ ಇನ್ನೇನು ಮಾಡಿಯಾನು? ಕಾಫಿ ಕುಡಿದರೆ ಬಸ್ಸು ತಪ್ಪುತ್ತೆ, ಊಟಕ್ಕೆ ಕೂತರಂತೂ ಮುಗಿದೇ ಹೋಯ್ತು. ಊರಿನ ಅಂಗಡಿಗೆ ಕಾಸು ಹುಟ್ಟೋದಿಲ್ಲ, ಉಳಿಯೋದು ಫೋಟೋ ಒಂದೇ. ಅದಕ್ಕೆ ಸರಪಳಿ ಅಡ್ಡ ಬಂದರೆ ದಾಟೋದು. ಅಷ್ಟಾಗಿ, ಅಲ್ಲಿಂದ ನಮ್ಮನ್ನು ಕರೆದೊಯ್ದಿದ್ದು ಹೆಚ್ಚುಕಮ್ಮಿ ಎರಡು ಗಂಟೆ ದೂರದ ಮಿಯಾಮಾಗೆ. ಬೆಟ್ಟದ ನಡುವೆ ಹುಲ್ಲು ಮಾಡಿನ ಮನೆಗಳ ಚೆಂದದ ಹಳ್ಳಿ, ನಿಜ. ಕಡಲಿಗೂ ಅದಕ್ಕೂ ಏನು ಸಂಬಂಧ? ಮೂರು ಜಾಗ ಅಂತ ಬರೆದರೆ ಟಿಕೆಟ್ ಹೋಗುತ್ತೆ, ಅಷ್ಟೇ. ಹನ್ನೊಂದು ಗಂಟೆಯ ದಿನದಲ್ಲಿ ಏಳು ಗಂಟೆ ಸೀಟಿನಲ್ಲೇ ಕೂತಿದ್ದೆವು.

ರೈಲು ಹತ್ತೋಕಾಗದ ಅಮ್ಮಂದಿರಿಗೆ ಬಸ್ ಟೂರ್ ಬೇಕು. ಆದರೆ ಮಿಯಾಮಾ ಬಿಟ್ಟುಬಿಡಲಿ. ನಾರಿಯೈಜಿಗೆ ಒಂದು ಗಂಟೆ, ಇನೆಗೆ ಮೂರು ಗಂಟೆ ಕೊಡಲಿ, ಮಧ್ಯಾಹ್ನದ ಊಟ ಇನೆಯಲ್ಲೇ ಇರಲಿ. ಒಂದೇ ಸಲ ನಲವತ್ತು ಜನ ತುಂಬಿದ ದೊಡ್ಡ ಬಸ್ಸಿನ ಬದಲು ಸಣ್ಣದು ಬರಲಿ. ಟಿಕೆಟ್ಟಿಗೆ ಎರಡು ಸಾವಿರ ಯೆನ್ ಹೆಚ್ಚಾದರೂ ನಾನು ಕೊಡ್ತೀನಿ.

ಇದನ್ನೇ ಜಪಾನಿ ಭಾಷೆಗೆ ಮಾಡಿಕೊಂಡು ಅವರ ಅಭಿಪ್ರಾಯದ ಫಾರಮ್ಮಿನಲ್ಲಿ ತುಂಬಿದೆ. ಮರುದಿನವೇ ಧನ್ಯವಾದ ಬಂತು, ಜೊತೆಗೆ ಮುಂದಿನ ಪ್ರವಾಸಕ್ಕೆ ಐನೂರು ಯೆನ್ ರಿಯಾಯಿತಿ ಕೂಪನ್. ಅಮ್ಮ ಊರಿಗೆ ಹೋಗಿ ಈಗ ಕೆಲ ತಿಂಗಳಾಯ್ತು. ಮೊನ್ನೆ ಫೋನಿನಲ್ಲಿ ಕೇಳಿದಳು, ಆ ಮೀನು ಉಪ್ಪುನೀರಿನಲ್ಲಿ ಎಷ್ಟು ಹೊತ್ತು ಇಡ್ತಾರೆ ಅಂತ ಕೊನೆಗೂ ಗೊತ್ತಾಯ್ತಾ ಅಂತ.