ನಿನ್ನೆ ಇಲ್ಲದ ಗೊಂದಲ ಇಂದು ಕಂಡರೆ

‘ಅರವತ್ತಕ್ಕೆ ಅರಳು ಮರಳು’ ಎನ್ನುವುದು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಲೀಸಾಗಿ ಬರುವ ಮಾತು. ಆ ಮಾತೇ ಚಿಕಿತ್ಸೆಗೆ ಅಡ್ಡಿಯಾಗುತ್ತದೆ ಎಂಬುದು ನನ್ನ ಅನಿಸಿಕೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಆದರೆ ಅದು ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುವ ಕಾಯಿಲೆ. ನಿನ್ನೆ ತಾವೇ ಊಟ ಮಾಡಿದ ದಾದಿ ಇಂದು ಮಗನನ್ನು ಗುರುತಿಸದೆ ಕಿರುಚಿದರೆ, ಗೋಡೆಯ ಮೇಲೆ ಇಲ್ಲದ್ದನ್ನು ಕಂಡರೆ, ಅದಕ್ಕೆ ಬೇರೆ ಕಾರಣ ಇರಬಹುದು. ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ.

ಕಾರಣ ಹಲವು ಸಲ ತೀರ ಸಣ್ಣದು. ಮೂತ್ರದ ಸೋಂಕು, ನೀರು ಕಡಿಮೆಯಾಗಿರುವುದು, ನಾಲ್ಕು ದಿನದ ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಎಲ್ಲೋ ಬಿದ್ದು ತಲೆಗೆ ಬಿದ್ದ ಪೆಟ್ಟು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. ಹೆಂಗಸರಂತೂ ಮೂತ್ರದ ಉರಿಯನ್ನು ನಾಚಿಕೆಯಿಂದ ಹೇಳುವುದೇ ಇಲ್ಲ.

ಗಲಾಟೆ ಮಾಡುವವರನ್ನು ಹೇಗೋ ಆಸ್ಪತ್ರೆಗೆ ಒಯ್ಯುತ್ತೇವೆ. ದಿನವಿಡೀ ಮಂಪರಿನಲ್ಲಿ ಮಲಗಿ, ಕರೆದರೆ ಅರ್ಧ ಕಣ್ಣು ತೆರೆಯುವವರನ್ನು ಮಾತ್ರ ‘ಇವತ್ತು ಶಾಂತವಾಗಿದ್ದಾರೆ’ ಎಂದು ಬಿಟ್ಟುಬಿಡುತ್ತೇವೆ. ಇದೂ ಡೆಲಿರಿಯಮ್ಮೇ, ಹೆಚ್ಚು ಮೋಸ ಮಾಡುವುದೂ ಇದೇ.

ನಜರ್ ತಗುಲಿದೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಓಡುವವರಿಗೆ ಒಂದು ಮಾತು: ದುಆ ಮಾಡಿ, ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಿ. ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ, ಗೊಂದಲ ಇನ್ನೂ ಹೆಚ್ಚಬಹುದು. ರಮಝಾನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಸಕ್ಕರೆ ಮಾತ್ರೆ ನುಂಗಿದ್ದೇ ನೆನಪಿಲ್ಲದವರು ರೋಝಾ ಹಿಡಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕಾಯಿಲೆಯವರಿಗೆ ದೀನ್ ಕೊಟ್ಟಿರುವ ರಿಯಾಯಿತಿಯನ್ನು ಮನೆಯವರೇ ಏಕೆ ಕಸಿದುಕೊಳ್ಳಬೇಕು?

ಬಾಯಿ ಒಂದು ಕಡೆ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಮೂಡಲಗಿಯಿಂದ ಬೆಳಗಾವಿ ತಲುಪಲಿಕ್ಕೇ ಗಂಟೆಗೂ ಮೇಲೆ ಬೇಕು. ಹಾಗಾಗಿ ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ. ಎದ್ದೇಳಿಸಲಾಗದ ಮಂಪರು, ಉಸಿರಾಟದ ತೊಂದರೆ, ಬಿದ್ದ ನಂತರದ ಗೊಂದಲಕ್ಕೂ ಹೀಗೇ ಮಾಡಿ. ಉಳಿದ ದಿಢೀರ್ ಬದಲಾವಣೆಗೆ ಅದೇ ದಿನ ತಾಲೂಕು ಆಸ್ಪತ್ರೆಗೆ ತೋರಿಸಿ.

ನನ್ನ ತಕರಾರು ಇನ್ನೊಂದಿದೆ. ಉಣಿಸುವವಳು, ತೊಳೆಯುವವಳು, ರಾತ್ರಿ ಎದ್ದು ಕೂರುವವಳು ಸೊಸೆ. ಬದಲಾವಣೆ ಮೊದಲು ಕಾಣುವುದೂ ಅವಳಿಗೇ. ಆಸ್ಪತ್ರೆಗೆ ಹೋಗುವ ತೀರ್ಮಾನ ಮಾತ್ರ ಗಂಡಸರು ಸಂಜೆ ಅಂಗಡಿ ಮುಚ್ಚಿ ಬರುವವರೆಗೆ ಕಾಯುತ್ತದೆ. ಇದು ಸರಿಯಲ್ಲ. ವೈದ್ಯರ ಎದುರೂ ಅವಳೇ ಮಾತಾಡಲಿ: ಯಾವಾಗ ಶುರುವಾಯಿತು, ಮೂತ್ರ ಎಷ್ಟು ಹೋಯಿತು, ಎಷ್ಟು ನೀರು ಕುಡಿದರು, ಎಲ್ಲಾದರೂ ಬಿದ್ದರೇ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕನ್ನಡಕ ಮರೆಯಬೇಡಿ.